ಗುಡಿಸಿದ ದಾರಿ

ಹತ್ತೊಂಬತ್ತನೆಯ ಸುತ್ತು, ಏರಿಕೆಯ ಐದನೆಯ ವರ್ಷ
ಚೈತ್ರ ಮಾಸ, ಬಿಚ್ಚುದಿನ ನಾಲ್ಕು
ಕೊಂಡಿ ಅಂಗಳ, ಗದಗ

ತಾಯಿ ಶಕೀಲಾಬಾನು ಅವರಿಗೆ ಬಾಳವ್ವ ಕೊಂಡಿಗಾರಳ ನಮಸ್ಕಾರಗಳು.

ಮೇಲೆ ಬರೆದ ತಾರೀಖು ನಿಮಗೆ ಅರ್ಥವಾಗುವುದಿಲ್ಲ, ಮೊದಲು ಅದಕ್ಕೆ ಕ್ಷಮೆ ಕೇಳಬೇಕು. ನಿಮ್ಮ ಇಸವಿಯ ಲೆಕ್ಕ ಕೆಂಪಿರುಳಿನ ನಂತರದ ವರ್ಷಗಳಲ್ಲಿ ಎಲ್ಲೋ ತಪ್ಪಿಹೋಯಿತು. ಈಗ ಒಬ್ಬರು ಒಂದು ಇಸವಿ ಹೇಳಿದರೆ ಇನ್ನೊಬ್ಬರು ಅದಕ್ಕೆ ಎರಡು ಕೂಡಿಸುತ್ತಾರೆ. ಜಗಳ ಸಾಕಾಗಿ ನಮ್ಮ ಹಿರಿಯರು ಸೂರ್ಯನನ್ನೇ ಹಿಡಿದು ಎಣಿಸತೊಡಗಿದರು. ಸೂರ್ಯನ ಮೈಮೇಲಿನ ಕಪ್ಪು ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಮತ್ತೆ ಇಳಿಯುತ್ತವೆ. ಆ ಹನ್ನೊಂದು ವರ್ಷ ನಮಗೆ ಒಂದು ಸುತ್ತು. ಕೆಂಪಿರುಳಿನಿಂದ ಇದು ಹತ್ತೊಂಬತ್ತನೆಯ ಸುತ್ತು, ನೀವು ಅದಕ್ಕೂ ಹಿಂದಿನವರು. ಈ ಕಾಗದದಲ್ಲಿ ನೀವು ಕೇಳದ ಮಾತುಗಳು ಇನ್ನೂ ಕೆಲವು ಬರುತ್ತವೆ. ಅವು ನಮ್ಮ ನಾಲಿಗೆಗೆ ಸವೆದು ನುಣುಪಾಗಿವೆ, ನಿಮ್ಮ ಕಿವಿಗೆ ಚುಚ್ಚಬಹುದು. ಬಂದ ಕಡೆಯಲ್ಲಿ ಬಿಡಿಸಿ ಹೇಳುತ್ತ ಹೋಗುತ್ತೇನೆ. ಶಾಲೆಯಲ್ಲಿ ನಾನು ಅಂಥ ಜಾಣೆಯೇನೂ ಆಗಿರಲಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹೆಸರು ನನಗೆ ಹೇಗೆ ಗೊತ್ತಾಯಿತು ಎಂದು ಕೇಳುತ್ತೀರಿ. ನೀವು ತಾಮ್ರದ ತಂತಿ ಸುತ್ತಿದ ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದು ನಮ್ಮ ಅಂಗಳದಲ್ಲಿತ್ತು. ಮೂರು ವರ್ಷದ ಹಿಂದೆ ಅದು ಸುಟ್ಟಾಗ ಎಣ್ಣೆ ಬಸಿದು ಹೊಟ್ಟೆ ತೆರೆದೆವು. ಸುರುಳಿಯ ತಳದಲ್ಲಿ ಹೆಬ್ಬೆರಳಗಲದ ಒಂದು ಹಿತ್ತಾಳೆ ಬಿಲ್ಲೆ ಸಿಕ್ಕಿತು. ಮೊಳೆಯಿಂದ ಬಡಿದು ಬರೆದ ಅಕ್ಷರ: ಶಕೀಲಾಬಾನು, ಸುರುಳಿ ವಿಭಾಗ, ಎರಡನೇ ಪಾಳಿ. ಕಾರ್ಖಾನೆಯ ಹೆಸರನ್ನು ಹೊರಗಿನ ತುಕ್ಕು ತಿಂದುಬಿಟ್ಟಿದೆ. ಎಣ್ಣೆಯೊಳಗಿದ್ದ ನಿಮ್ಮ ಹೆಸರು ಮಾತ್ರ ನಿನ್ನೆ ಬರೆದಂತೆ ಹೊಳೆಯುತ್ತಿತ್ತು.

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆಯಿದೆ. ನಿಮ್ಮ ಕಾಲದ ಯಂತ್ರವೊಂದು ನಮ್ಮಲ್ಲಿ ಸತ್ತರೆ, ಅದು ಯಾರ ಕೈಯಲ್ಲಿ ಸತ್ತಿತೋ ಅವರು ಹದಿಮೂರು ದಿನದೊಳಗೆ ಅದನ್ನು ಮಾಡಿದವರಿಗೆ ಕಾಗದ ಬರೆಯಬೇಕು. ಏನಾಯಿತು, ಯಾರ ತಪ್ಪು, ಎಲ್ಲವನ್ನೂ ಹೇಳಬೇಕು. ಕಾಗದವನ್ನು ಯಂತ್ರದ ಖಾಲಿ ಹೊಟ್ಟೆಯಲ್ಲಿಟ್ಟು ಬೆಸುಗೆ ಹಾಕಿ ಮುಚ್ಚುತ್ತೇವೆ. ಇದನ್ನು ಒಪ್ಪೋಲೆ ಎನ್ನುತ್ತೇವೆ. ಮಾಡಿದವರಿಗೆ ಅದು ಮುಟ್ಟುವುದಿಲ್ಲವೆಂಬುದು ನಮಗೂ ಗೊತ್ತು, ನಾವು ಅಷ್ಟು ದಡ್ಡರಲ್ಲ. ಆದರೆ ಬದುಕಿರುವವರ ಮುಂದೆ ಸುಳ್ಳು ಹೇಳಿದಷ್ಟು ಸಲೀಸಾಗಿ ಸತ್ತವರ ಮುಂದೆ ಹೇಳಲಾಗುವುದಿಲ್ಲವೆಂದು ಈ ಕಟ್ಟಳೆ ಮಾಡಿದವರು ನಂಬಿದ್ದರು. ಅವರಿಗೆ ನನ್ನ ಪರಿಚಯ ಇರಲಿಲ್ಲ. ನಾನು ಹದಿಮೂರನೆಯ ದಿನ ನಿಮಗೊಂದು ಒಪ್ಪೋಲೆ ಬರೆದೆ. ಊರಿನ ಜನ ನೀರಿಲ್ಲದೆ ಬಾಯಿ ಬಾಯಿ ಬಿಡುತ್ತಿದ್ದರು, ಅವರ ಸಂಕಟ ನೋಡಲಾರದೆ ಕರೆಂಟಿನ ತಂತಿಗೆ ಕೊಂಡಿ ಹಾಕಿದೆ ಎಂದು ಬರೆದೆ. ಅದು ಸುಳ್ಳು. ಆ ಸುಳ್ಳು ಮೂರು ವರ್ಷದಿಂದ ನಿಮ್ಮ ಬಿಲ್ಲೆಯ ಪಕ್ಕದಲ್ಲಿ ಮಲಗಿದೆ. ಇದು ಎರಡನೆಯ ಕಾಗದ.

ಮೊದಲು ಅವಳ ವಿಷಯ ಹೇಳುತ್ತೇನೆ. ನಿಮ್ಮ ಯಂತ್ರವನ್ನು ನಾವು ದೊಡ್ಡಾಕಿ ಎಂದು ಕರೆಯುತ್ತಿದ್ದೆವು. ಬಡಗಿನ ಮರುಭೂಮಿಯಲ್ಲಿ ಬಿಸಿಲಿನಿಂದ ಮಾಡಿದ ಕರೆಂಟು ಒಂದೇ ಒಂದು ಉದ್ದ ತಂತಿಯಲ್ಲಿ ನಮ್ಮವರೆಗೆ ಬರುತ್ತದೆ. ಅದರ ಆವೇಶ ಇಳಿಸಿ ತುಂಗಭದ್ರೆಯ ಪಂಪುಗಳಿಗೆ ಕೊಡುತ್ತಿದ್ದವಳು ಅವಳು. ಮನೆಮನೆಯ ಸೂರಿನ ಮೇಲೆ ಬಿಸಿಲುಹಲಗೆ ಇದೆ, ದೀಪಕ್ಕೆ, ರೇಡಿಯೋಕ್ಕೆ, ಮಗ್ಗಕ್ಕೆ ಸಾಕು. ಹೊಳೆಯ ನೀರನ್ನು ಗದಗದ ತನಕ ಎತ್ತಲು ಮಾತ್ರ ಅದು ಸಾಲದು. ಆ ನೀರೇ ಊರು. ಸಣ್ಣ ಟ್ರಾನ್ಸ್‌ಫಾರ್ಮರುಗಳನ್ನು ನಾವು ಮಾಡುತ್ತೇವೆ. ದೊಡ್ಡಾಕಿಯಂಥವಳನ್ನು ಮಾಡುವ ಕೈ ಈಗ ಯಾರಿಗೂ ಇಲ್ಲ. ಅಷ್ಟು ತೆಳುವಾದ ಉಕ್ಕಿನ ಹಾಳೆ ಬಾರದು, ಅಷ್ಟು ದೊಡ್ಡ ಸುರುಳಿ ನಮ್ಮಲ್ಲಿ ಸೊಟ್ಟಗಾಗುತ್ತದೆ. ಯುಗಾದಿಗೆ ಅವಳಿಗೆ ಅರಿಸಿನ ಹಚ್ಚುತ್ತಿದ್ದೆವು. ಹೊಸ ಮದುಮಕ್ಕಳು ಬೇಲಿಯಾಚೆ ನಿಂತು ಅವಳ ಗುಂಯ್ ಎನ್ನುವ ಸದ್ದು ಕೇಳಿ ಹೋಗುತ್ತಿದ್ದರು. ಆ ಸದ್ದು ಇದ್ದರೆ ನೀರಿದೆ ಎಂದು ಅರ್ಥ.

ಅವಳ ಹಗೆ ಸೂರ್ಯ. ನಮಗೆ ಅನ್ನ ಹಾಕುವವನೂ ಅವನೇ, ಹಾಗಾಗಿ ಬೈಯುವುದು ಕಷ್ಟ. ಕಲೆಗಳು ಹೆಚ್ಚಿದ ವರ್ಷಗಳಲ್ಲಿ ಅವನ ಮೈಮೇಲಿನ ಕಾಂತದ ಎಳೆಗಳು ಹೆಣೆದು, ಸಿಕ್ಕಾಗಿ, ಹರಿಯುತ್ತವೆ. ಹರಿದಾಗ ಒಂದು ಬೆಳಕು ಸಿಡಿಯುತ್ತದೆ, ಅದು ಎಂಟು ನಿಮಿಷಕ್ಕೆ ನಮ್ಮನ್ನು ಮುಟ್ಟುತ್ತದೆ. ಕಪ್ಪತಗುಡ್ಡದ ಮೇಲಿನ ಬಿಸಿಲುಗಣ್ಣಿನವರು ನಿಮ್ಮ ಕಾಲದ ಕೆಂಪು ಗಾಜು ಹಾಕಿ ಅದನ್ನು ನೋಡಿ, ಕನ್ನಡಿ ಮಿನುಗಿಸಿ ನಮಗೆ ತಿಳಿಸುತ್ತಾರೆ. ಬೆಳಕಿನಿಂದ ಕೆಡುಕಿಲ್ಲ. ಅದರ ಜೊತೆಗೆ ಕೆಲವೊಮ್ಮೆ ಸೂರ್ಯ ತನ್ನ ಮೈಯ ಒಂದು ಪಾಲನ್ನೇ, ಅದರ ಕಾಂತದ ಸಮೇತ, ಹೊರಗೆ ಎಸೆಯುತ್ತಾನೆ. ಕಣದಲ್ಲಿ ಜೋಳ ತೂರುವಾಗ ಹೊಟ್ಟು ಹಾರುವಂತೆ ಅದು ಹರಡುತ್ತ ಬರುತ್ತದೆ, ಅದಕ್ಕೇ ನಾವು ಅದನ್ನು ತೂರು ಎನ್ನುತ್ತೇವೆ. ತೂರು ನಡೆದು ಬರುವುದು. ಎರಡು ದಿನ, ಮೂರು ದಿನ ಹಿಡಿಯುತ್ತದೆ. ಆ ಬಿಡುವಿನಲ್ಲೇ ನಮ್ಮ ಕಸುಬು ಇರುವುದು.

ಭೂಮಿಗೂ ತನ್ನದೇ ಕಾಂತದ ಬೇಲಿ ಇದೆ. ಬಂದ ತೂರಿನ ಕಾಂತ ಬಡಗುಮುಖವಾಗಿದ್ದರೆ ಬೇಲಿಗೆ ಬಡಿದು ಪಕ್ಕಕ್ಕೆ ಸರಿಯುತ್ತದೆ, ನಮಗೆ ತಲೆನೋವೂ ಬರುವುದಿಲ್ಲ. ತೆಂಕುಮುಖವಾಗಿದ್ದರೆ ಬೇಲಿಯ ಬಾಗಿಲು ತೆರೆಯುತ್ತದೆ. ಆಗ ಭೂಮಿಯ ಕಾಂತವೇ ತೂಗಾಡಿ, ನೆಲದೊಳಗೆ ಕರೆಂಟು ಹುಟ್ಟುತ್ತದೆ. ನೆಲದಲ್ಲಿ ಹುಟ್ಟಿದ್ದು ಸುಲಭದ ದಾರಿ ಹುಡುಕುತ್ತದೆ. ನಮ್ಮ ಉದ್ದದ ತಂತಿಗಿಂತ ಸುಲಭ ಯಾವುದಿದೆ? ತಂತಿ ಉದ್ದವಾದಷ್ಟೂ ಅದರ ಬಲ ಹೆಚ್ಚು. ಟ್ರಾನ್ಸ್‌ಫಾರ್ಮರ್‌ಗೆ ಅಭ್ಯಾಸವಿರುವುದು ಅತ್ತಿತ್ತ ಓಡಾಡುವ ಕರೆಂಟು. ಒಂದೇ ಕಡೆಗೆ ನಿಧಾನವಾಗಿ ನೂಕುವ ಈ ಕರೆಂಟು ಅದರ ಕಬ್ಬಿಣದ ಹೃದಯವನ್ನು ಕಟ್ಟಿಹಾಕುತ್ತದೆ. ಸುರುಳಿ ಕಾಯುತ್ತದೆ, ಎಣ್ಣೆ ಕುದಿಯುತ್ತದೆ. ಯಾವ ತೂರಿಗೆ ಯಾವ ಮುಖ ಎಂಬುದು ಅದು ಬಂದು ಮುಟ್ಟುವ ತನಕ ತಿಳಿಯದು. ನೀವು ಸೂರ್ಯನ ಕಡೆಗೆ ದೂರದಲ್ಲಿ ಕಾವಲು ನೌಕೆ ನಿಲ್ಲಿಸಿದ್ದಿರಂತೆ, ಅದು ಅರ್ಧ ಗಂಟೆ ಮೊದಲು ಕೂಗಿ ಹೇಳುತ್ತಿತ್ತಂತೆ. ನಮಗಿರುವುದು ಗಾಜಿನ ಪೆಟ್ಟಿಗೆಯಲ್ಲಿ ರೇಷ್ಮೆ ಎಳೆಗೆ ತೂಗುಹಾಕಿದ ಒಂದು ಸೂಜಿ. ಅದು ಅಲುಗಿತು ಎಂದರೆ ಬಂದಾಯಿತು ಎಂದೇ. ಹಾಗಾಗಿ ಗುಡ್ಡದ ಕನ್ನಡಿ ಮಿನುಗಿದ ದಿನದಿಂದಲೇ ಹೊಳೆಯ ಪಂಪು ನಿಲ್ಲಿಸಿ, ಉದ್ದ ತಂತಿಯ ಕೊಂಡಿ ಬಿಚ್ಚಿ, ಕಾದು ಕೂರುತ್ತೇವೆ. ಅವೇ ಬಿಚ್ಚುದಿನಗಳು. ಬಿಚ್ಚುವವರು, ಹಾಕುವವರು ಕೊಂಡಿಗಾರರು.

ಇನ್ನೊಂದು ಮಾತು ಇಲ್ಲಿ ಹೇಳಬೇಕು, ಈ ಕಾಗದವೆಲ್ಲ ನಿಂತಿರುವುದು ಅದರ ಮೇಲೆ. ಸೂರ್ಯನಿಗೂ ನಮಗೂ ನಡುವೆ ಇರುವ ಬಯಲು ಪೂರ್ತಿ ಖಾಲಿಯಲ್ಲ, ಅಲ್ಲಿ ಅವನದೇ ತೆಳು ಗಾಳಿ ತುಂಬಿರುತ್ತದೆ. ಮೊದಲ ತೂರು ಅದನ್ನು ತಳ್ಳಿಕೊಂಡು ಬರುವಾಗ ದಾರಿಯನ್ನು ಗುಡಿಸಿಬಿಡುತ್ತದೆ. ಅದೇ ಕಲೆಯಿಂದ ಎರಡನೆಯದು ಹೊರಟರೆ ಅದಕ್ಕೆ ತಡೆಯೇ ಇಲ್ಲ. ಮೂರು ದಿನದ ದಾರಿಯನ್ನು ಹದಿನೆಂಟು ಗಂಟೆಯಲ್ಲಿ ಮುಗಿಸುತ್ತದೆ. ಕೆಂಪಿರುಳಿನಲ್ಲಿ ಆದದ್ದು ಅದೇ. ಮೊದಲನೆಯದು ಸುಮ್ಮನೆ ಹೋಯಿತೆಂದು ಜಗತ್ತೆಲ್ಲ ನಿಟ್ಟುಸಿರು ಬಿಡುವಾಗ ಎರಡನೆಯದು ಬಂತು. ಧ್ರುವದ ಕಡೆಯವರ ಪಾಲಿನ ಬಣ್ಣದ ಬೆಳಕು ಅವತ್ತು ಗದಗದ ಆಕಾಶದಲ್ಲಿ ಕೆಂಪಗೆ ಹೊತ್ತಿತ್ತು. ಬೆಟಗೇರಿಯವರು ಹತ್ತಿಯ ಗೋದಾಮಿಗೆ ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿದರಂತೆ. ಅದು ಧ್ರುವದವರ ಕಾಯಿಲೆ, ನಮಗಲ್ಲ ಎಂದು ನಂಬಿದ್ದ ಜನ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಅಂದಿನಿಂದ ನಮ್ಮ ನಿಯಮ: ಮೊದಲ ತೂರು ಹೋದ ಮೇಲೂ ಮೂರು ದಿನ ಕೊಂಡಿ ಹಾಕಬಾರದು. ಅದು ಜನಕ್ಕೆ ಮರೆಯದಿರಲೆಂದು ಹಿರಿಯರು ಇನ್ನೊಂದು ಪದ್ಧತಿ ಇಟ್ಟರು. ಆ ಮೂರು ದಿನ ಊರಿನಲ್ಲಿ ಯಾರೂ ಕಸಬರಿಗೆ ಮುಟ್ಟುವುದಿಲ್ಲ. ಮನೆ ಎಷ್ಟು ಹೊಲಸಾದರೂ ಸರಿ. ಹತ್ತು ಮಾರಿಗಿಂತ ಉದ್ದದ ತಂತಿಯಲ್ಲಿ ಬಟ್ಟೆ ಒಣಹಾಕಬಾರದೆಂದೂ ನಮ್ಮ ಮುದುಕಿಯರು ಹೇಳುತ್ತಾರೆ. ಶಾಲೆಯ ಮಾಸ್ತರರು ಅದಕ್ಕೆ ನಗುತ್ತಾರೆ. ಅವರ ಮನೆಯ ತಂತಿಯೂ ಒಂಬತ್ತೇ ಮಾರು ಇದೆ, ನಾನು ಅಳೆದಿದ್ದೇನೆ.

ಕೆಂಪಿರುಳು ಬಿಟ್ಟುಹೋದ ಮತ್ತೊಂದು ಪದ್ಧತಿಯನ್ನು ಹೇಳಲು ನಾಚಿಕೆಯಾಗುತ್ತದೆ. ಆಗ ಎರಡು ವರ್ಷ ಪಂಪು ನಡೆಯಲಿಲ್ಲ. ನೀರಿಗಾಗಿ ಅಣ್ಣತಮ್ಮಂದಿರು ಕೊಡಲಿ ಹಿಡಿದರು. ನೆರೆಮನೆಗೆ ಕೊಡ ಹಿಡಿದು ಬಂದವರನ್ನು ಹೊಸ್ತಿಲಲ್ಲೇ ಕೊಂದದ್ದುಂಟು. ಬದುಕಿ ಉಳಿದವರು ಒಂದು ಮಾತು ಕಟ್ಟಿಕೊಂಡರು: ಬಿಚ್ಚುದಿನದಲ್ಲಿ ಯಾರೂ ಯಾರನ್ನೂ ನೀರು ಕೇಳಬಾರದು. ಕನ್ನಡಿ ಮಿನುಗಿದ ದಿನ ಮನೆಗೆ ಎಂಟು ಕೊಡ ಅಳೆದುಕೊಡುತ್ತಾರೆ, ಬಾಯಿಗೆ ಬಟ್ಟೆ ಕಟ್ಟಿ ಒಳಕೋಣೆಯಲ್ಲಿ ಇಡುತ್ತೇವೆ. ಕದ ಅರ್ಧ ಮುಚ್ಚಿರುತ್ತದೆ. ಆ ದಿನಗಳಲ್ಲಿ ನೆಂಟರು ಬಂದರೂ ನೀರು ಬೇಕೇ ಎಂದು ಕೇಳುವುದಿಲ್ಲ, ಅವರೂ ಬೇಕೆನ್ನುವುದಿಲ್ಲ. ಒಣ ಬಾಯಲ್ಲಿ ಮಳೆ ಬೆಳೆ ಮಾತಾಡಿ ಎದ್ದು ಹೋಗುತ್ತಾರೆ. ಕದ್ದವನನ್ನು ಕ್ಷಮಿಸಿದ್ದೇವೆ, ಕೇಳಿದವನನ್ನು ಕ್ಷಮಿಸಿದ್ದು ನನಗೆ ನೆನಪಿಲ್ಲ. ಹತ್ತೊಂಬತ್ತನೆಯ ಸುತ್ತು ಬಂದರೂ ಈ ಭಯ ನಮ್ಮ ಎದೆಯಿಂದ ಇಳಿದಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನನ್ನ ಗಂಡ ಫಕೀರಪ್ಪ ನೇಕಾರ. ಸುರುಳಿಗೆ ಸುತ್ತುವ ಹತ್ತಿಯ ಪಟ್ಟಿ ನೇಯುತ್ತಾನೆ, ಅವನ ಪಟ್ಟಿಯನ್ನು ನೀವು ಮುಟ್ಟಿದ್ದರೆ ಮೆಚ್ಚುತ್ತಿದ್ದಿರಿ. ಆರು ವರ್ಷದಿಂದ ಅವನ ಮೂತ್ರಪಿಂಡ ಕೆಲಸ ಬಿಟ್ಟಿದೆ. ಮೂರು ದಿನಕ್ಕೊಮ್ಮೆ ರಕ್ತ ತೊಳೆಯುವ ಮನೆಗೆ ಹೋಗಬೇಕು. ಅಲ್ಲಿಯ ಯಂತ್ರ ನಮ್ಮವರೇ ಮಾಡಿದ್ದು, ಸೂರಿನ ಹಲಗೆಯ ಕರೆಂಟಿಗೇ ನಡೆಯುತ್ತದೆ. ಆದರೆ ಒಬ್ಬರ ಒಂದು ಸರದಿಗೆ ಹನ್ನೆರಡು ಕೊಡ ನೀರು ಬೇಕು. ಆ ಮನೆಯಲ್ಲಿ ಬಿಚ್ಚುದಿನಕ್ಕೆಂದು ಇಟ್ಟ ನೀರು ಮೂರು ದಿನಕ್ಕೆ ಮುಗಿಯುತ್ತದೆ.

ಮೂರು ವರ್ಷದ ಹಿಂದೆ ಇದೇ ಚೈತ್ರ. ಬಿಚ್ಚುದಿನದ ನಾಲ್ಕನೆಯ ಬೆಳಿಗ್ಗೆ ಮೊದಲ ತೂರು ಬಂತು. ಸೂಜಿ ಒಂದಿಷ್ಟು ನಡುಗಿ ನಿಂತಿತು, ಬಡಗುಮುಖ. ಎರಡನೆಯದು ಹೊರಟಿದೆಯೇ ಎಂದು ಹೇಳಲು ಗುಡ್ಡದವರಿಗೆ ಆಗಲಿಲ್ಲ, ಒಂದೂವರೆ ದಿನದಿಂದ ಧೂಳು ಮುಸುಕಿ ಸೂರ್ಯ ಗಾಜಿಗೆ ಸಿಕ್ಕಿರಲಿಲ್ಲ. ನಮ್ಮ ಅಂಗಳದ ಹಿರಿಯಳು ದುರಗವ್ವ. ನನಗೆ ಕೊಂಡಿ ಹಿಡಿಯಲು ಕಲಿಸಿದವಳು. ಎರಡು ದಿನ ಸೂಜಿಯ ಮುಂದಿನಿಂದ ಎದ್ದಿರಲಿಲ್ಲ. ಕೊಂಡಿಯ ಬೀಗದ ಕೀಲಿಯನ್ನು ನನ್ನ ಕೈಗಿಟ್ಟು ಹೇಳಿದಳು, "ಮೊದಲನೇದು ದಾರಿ ಗುಡಿಸಿ ಹೋಗೈತಿ ಬಾಳವ್ವಾ. ಎರಡನೇದು ನಡಕೊಂತ ಬರಂಗಿಲ್ಲ, ಓಡಿ ಬರತೈತಿ. ಕೊಂಡಿ ಮುಟ್ಟಬ್ಯಾಡ. ಮನಿಗೆ ಹೋಗಿ ಎರಡ ರೊಟ್ಟಿ ತಿಂದು ಬರತೇನಿ."

ಅವಳು ಅತ್ತ ಹೋದ ಮೇಲೆ ನಾನು ಇತ್ತ ರಕ್ತ ತೊಳೆಯುವ ಮನೆಗೆ ಒಂದು ಗಳಿಗೆ ಓಡಿಹೋದೆ. ಆ ದಿನದ ಸರದಿ ಫಕೀರಪ್ಪನದೊಂದೇ. ನೀರಿಲ್ಲವೆಂದು ಅವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಖ, ಕಾಲು ಊದಿದ್ದವು. "ಮಲಗಾಕ ಆಗವಲ್ದು ಬಾಳಿ, ಮಲಗಿದ್ರ ಮುಳಗಿದಂಗ ಆಗತೈತಿ" ಎಂದ. ಒಣಗಿದ ಊರಿನಲ್ಲಿ ಕೂತು ನನ್ನ ಗಂಡ ತನ್ನ ಮೈಯೊಳಗಿನ ನೀರಿನಲ್ಲೇ ಮುಳುಗುತ್ತಿದ್ದ. ನಾನು ಅಂಗಳಕ್ಕೆ ಬಂದೆ. ಹೊಳೆಯವರಿಗೆ ಪಂಪು ಹಚ್ಚಲು ಹೇಳಿ ಕಳಿಸಿದೆ. ಕೊಂಡಿ ಹಾಕಿದೆ. ಗೊತ್ತಿದ್ದೇ ಹಾಕಿದೆ, ಇದನ್ನು ಹೇಳಲೇಬೇಕು. ದೊಡ್ಡಾಕಿ ಗುಂಯ್ ಎಂದಳು. ನಲ್ಲಿಗಳಲ್ಲಿ ನೀರು ಬಂತು. ಓಣಿಯಲ್ಲಿ ಜನ ನಕ್ಕ ಸದ್ದು ಕೇಳಿಸಿತು. ಹಬ್ಬದಂತೆ ಅನಿಸಿ, ಅಂಗಳದಲ್ಲಿ ಬಿದ್ದಿದ್ದ ಬೇವಿನ ಎಲೆ ಗುಡಿಸತೊಡಗಿದೆ.

ನಡುಹಗಲು. ಧೂಳು ಇಳಿದು ಬಿಸಿಲು ಚೆನ್ನಾಗಿ ಬಿದ್ದಿತ್ತು. ತಾಯಿ, ಸೂರ್ಯನ ಈ ಬಿರುಗಾಳಿಯಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಕಾಗೆ ಕೂಗುತ್ತಿತ್ತು, ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ದೊಡ್ಡಾಕಿಯ ಸದ್ದು ನಿಧಾನವಾಗಿ ದಪ್ಪಗಾಯಿತು. ದೂರದಲ್ಲಿ ಲಾರಿ ದಿನ್ನೆ ಏರುತ್ತಿದೆ ಎಂದುಕೊಂಡು ನಾನು ಗುಡಿಸುತ್ತಲೇ ಇದ್ದೆ. ಗೇಟಿನ ಬಳಿ ದುರಗವ್ವ ನಿಂತಿದ್ದಳು. ಅವಳಿಗೆ ಸದ್ದು ಕೇಳಿಸಿತ್ತು. ಆದರೆ ಮೊದಲು ನೋಡಿದ್ದು ನನ್ನ ಕೈಯನ್ನು. "ಕಸಬರಿಗಿ ಯಾಕ ಹಿಡದಿ?" ಎಂದಳು. ಬೈದ ದನಿಯಲ್ಲ, ನಿಜಕ್ಕೂ ತಿಳಿಯದೆ ಕೇಳಿದ ದನಿ. ಅದು ಅವಳ ಕೊನೆಯ ಮಾತು.

ಪಂಪು ನಿಲ್ಲಿಸದೆ ಕೊಂಡಿ ಬಿಚ್ಚಬಾರದು, ಕರೆಂಟು ಹರಿಯುತ್ತಿರುವಾಗ ಎಳೆದರೆ ಕಿಡಿ ಕೊಂಡಿಯನ್ನು ಬಿಡದೆ ಬೆನ್ನಟ್ಟಿ ಬರುತ್ತದೆ. ಇದನ್ನು ನನಗೆ ಮೊದಲ ದಿನ ಕಲಿಸಿದವಳೇ ಅವಳು. ಹೊಳೆಗೆ ಹೇಳಿ ಕಳಿಸುವಷ್ಟು ಹೊತ್ತಿರಲಿಲ್ಲ. ಎಣ್ಣೆ ಬಳಿದ ಉದ್ದ ಬಿದಿರಿನ ಕೋಲು ಹಿಡಿದು ಓಡಿದಳು. ಎಳೆದಳು. ಬೆಳಕು ಬಂತು, ಆ ಬಿಸಿಲಿನಲ್ಲೂ ನಮ್ಮ ನೆರಳು ನೆಲದ ಮೇಲೆ ಕಪ್ಪಗೆ ಬಿತ್ತು. ಕೊಂಡಿಯೇನೋ ಬಿಚ್ಚಿತು. ದುರಗವ್ವ ಉಳಿಯಲಿಲ್ಲ. ದೊಡ್ಡಾಕಿಯೂ ಉಳಿಯಲಿಲ್ಲ, ಒಳಗೆ ಆಗಲೇ ಎಣ್ಣೆ ಕುದಿದು ನಿಮ್ಮ ಸುರುಳಿ ಕರಕಾಗಿತ್ತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ನಾನು ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟೆ.

ಫಕೀರಪ್ಪ ಬದುಕಿದ. ಆ ಎರಡು ಮೂರು ಗಂಟೆಯಲ್ಲಿ ಬಂದ ನೀರು ಅವನಿಗೆ ಸಾಕಾಗಿತ್ತು. ಅವನ ಸಲುವಾಗಿ ಹಾಕಿದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಊರಿನ ನೀರಿಗಾಗಿ ಎಂದೆ. ಊರು ನಂಬಿತು, ತಲೆ ತಗ್ಗಿಸಿತು, ನಮ್ಮಿಂದ ಹೀಗಾಯಿತು ಎಂದು ಕೆಲವರು ನನ್ನೆದುರಿಗೇ ಅತ್ತರು. ಅವರ ಕಣ್ಣೀರನ್ನೂ ನಾನು ತೆಗೆದುಕೊಂಡೆ.

ಅಂದಿನಿಂದ ನನಗೆ ಸದ್ದುಗಳ ಕಾಟ. ಹಿಟ್ಟಿನ ಗಿರಣಿಯ ಮುಂದೆ ಹೋಗಲಾರೆ. ದೊಡ್ಡಾಕಿಯ ಖಾಲಿ ಒಡಲು ಅಂಗಳದಲ್ಲೇ ಇದೆ. ನಡುಹಗಲಿನಲ್ಲಿ ಅವಳ ತಗಡು ಕಾದು ಟಿಕ್ ಟಿಕ್ ಎನ್ನುತ್ತದೆ. ತಗಡು ಕಾದರೆ ಹಿಗ್ಗುತ್ತದೆ ಎಂದು ನನಗೆ ಗೊತ್ತು, ಗೊತ್ತಿದ್ದೂ ಯಾರೋ ಒಳಗಿನಿಂದ ಬೆರಳಲ್ಲಿ ತಟ್ಟಿದಂತೆ ಕೇಳುತ್ತದೆ. ಅಲ್ಲಿರುವುದು ಎರಡೇ, ನಿಮ್ಮ ಹೆಸರು ಮತ್ತು ನನ್ನ ಸುಳ್ಳು. ಕಸುಬು ಕಲಿಯುವ ಹುಡುಗಿಯರು ಯಾರಾದರೂ ಗೇಟಿನ ಬಳಿ ನಿಂತು ಕರೆದರೆ ನಾನು ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ.

ಅವಳ ಜಾಗದಲ್ಲಿ ಈಗ ಸಣ್ಣಾಕಿ ಇದ್ದಾಳೆ. ಅವಳೂ ನಿಮ್ಮ ಕಾಲದವಳೇ. ತುಂಬಾ ದೂರದ ಪಾಳು ಊರೊಂದರಿಂದ ಹತ್ತಾರು ಜೋಡಿ ಎತ್ತು ಹೂಡಿ ಒಂದು ವರ್ಷ ಎಳೆದು ತಂದೆವು. ಆ ವರ್ಷವೆಲ್ಲ ಊರು ಹೊಳೆಯ ದಂಡೆಯಲ್ಲಿ ಗುಡಿಸಲು ಹಾಕಿ ಕೂತಿತ್ತು, ರಕ್ತ ತೊಳೆಯುವ ಯಂತ್ರವೂ ಅಲ್ಲೇ ಇತ್ತು. ದೊಡ್ಡಾಕಿಯ ಹೊರೆಯನ್ನೆಲ್ಲ ಹೊತ್ತು ಏದುಸಿರು ಬಿಡುತ್ತಾಳೆ. ಇವಳೂ ಹೋದರೆ ಗದಗ ಬಿಟ್ಟು ಹೊರಡಬೇಕು. ಮೂರನೆಯವಳು ಎಲ್ಲೂ ಇಲ್ಲ.

ಮೂರು ದಿನದ ಹಿಂದೆ ಮತ್ತೆ ಕನ್ನಡಿ ಮಿನುಗಿತು. ಕೊಂಡಿ ಬಿಚ್ಚಿದೆವು. ನಿನ್ನೆ ಬೆಳಿಗ್ಗೆ ಮೊದಲ ತೂರು ಬಂದು ಬಡಗುಮುಖವಾಗಿ ಸರಿದುಹೋಯಿತು. ನಿನ್ನೆ ಮಧ್ಯಾಹ್ನ ಅದೇ ಕಲೆಯಿಂದ ಇನ್ನೊಂದು ಸಿಡಿಯಿತೆಂದು ಗುಡ್ಡದವರು ತಿಳಿಸಿದರು. ಅದು ನಮ್ಮ ನೇರಕ್ಕೆ ಬಂದರೂ ಬರಬಹುದು, ಪಕ್ಕದಿಂದ ಹೋದರೂ ಹೋಗಬಹುದು. ಫಕೀರಪ್ಪನ ಸರದಿ ನಿನ್ನೆಯೇ ಇತ್ತು. ತೊಳೆಯುವ ಮನೆಯಲ್ಲಿ ನೀರು ಮುಗಿದಿತ್ತು. ಕೀಲಿ ನನ್ನ ಸೆರಗಿನ ತುದಿಯಲ್ಲಿತ್ತು. ಇಂಥದೊಂದು ದಿನ ಮತ್ತೆ ಬರುತ್ತದೆಂದು ಮೂರು ವರ್ಷದಿಂದ ನನಗೆ ಗೊತ್ತಿತ್ತು.

ಸಂಜೆ ನಾನು ಮನೆಗೆ ಹೋದಾಗ ಅವನು ಗೋಡೆಗೆ ಒರಗಿ ಕೂತಿದ್ದ. ಕೈ ಚಾಚಿದ. "ಕೀಲಿ ಕೊಡು" ಎಂದ. ಕೊಟ್ಟೆ. ಅದನ್ನು ತನ್ನ ಉಡದಾರಕ್ಕೆ ಗಂಟು ಹಾಕಿ, ಮೇಲೆ ಇನ್ನೊಂದು ಗಂಟು ಹಾಕಿದ. ನೇಕಾರನ ಗಂಟು, ನನ್ನಿಂದ ಬಿಚ್ಚಲಾಗದು. "ಆವತ್ತು ಯಾರ ಸಲುವಾಗಿ ಹಾಕಿದಿ ಅಂತ ನಂಗೊತ್ತೈತಿ ಬಾಳಿ. ದುರಗವ್ವ ಬದುಕಬೇಕಾಗಿದ್ದ ಮೂರು ವರ್ಷ ನಾ ಬದುಕೇನಿ. ಸಾಕು" ಎಂದ. ಇಷ್ಟು ಹೇಳಲು ಅವನಿಗೆ ನಾಲ್ಕು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ನಾನು ಮೂರು ವರ್ಷ ಬಚ್ಚಿಟ್ಟಿದ್ದನ್ನು ಅವನು ಮೂರು ವರ್ಷ ನುಂಗಿಕೊಂಡಿದ್ದ. ಗಂಡಹೆಂಡಿರು ಒಂದೇ ಹಾಸಿಗೆಯಲ್ಲಿ ಒಂದೇ ಸುಳ್ಳಿನ ಎರಡು ಪಕ್ಕದಲ್ಲಿ ಮಲಗಿದ್ದೆವು.

ಇವತ್ತು ಬೆಳಕು ಹರಿದ ಮೇಲೆ ನಾನು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಓಣಿಗೆ ಇಳಿದೆ. ಬಿಚ್ಚುದಿನದಲ್ಲಿ ಕೊಡ ಹಿಡಿದು ಓಣಿಯಲ್ಲಿ ನಡೆದವಳನ್ನು ನಮ್ಮ ಊರು ಕಂಡಿರಲಿಲ್ಲ. ಕದಗಳು ಒಂದೊಂದಾಗಿ ಪೂರ್ತಿ ಮುಚ್ಚಿಕೊಂಡವು. ನಾನು ಹೋಗಿ ನಿಂತದ್ದು ಹೊನ್ನವ್ವನ ಬಾಗಿಲಿಗೆ. ಹೊನ್ನವ್ವ ದುರಗವ್ವನ ಮಗಳು, ಬೆಸುಗೆ ಹಾಕುವವಳು. ದೊಡ್ಡಾಕಿಯ ಹೊಟ್ಟೆಯನ್ನು ನನ್ನ ಸುಳ್ಳು ಕಾಗದದ ಸಮೇತ ಮುಚ್ಚಿದ್ದು ಅವಳ ಕೈಯೇ. ಅವಳಲ್ಲಿಗೇ ಯಾಕೆ ಹೋದೆ ಎಂದರೆ, ನಿಜ ಹೇಳುತ್ತೇನೆ, ಇಲ್ಲ ಎನ್ನುವ ಹಕ್ಕು ಅವಳಿಗೆ ಎಲ್ಲರಿಗಿಂತ ಹೆಚ್ಚಿತ್ತು. ಅವಳು ಇಲ್ಲ ಎಂದರೆ ಕೇಳಿದ್ದಾಯಿತೆಂದು ಮನೆಗೆ ಹಿಂದಿರುಗಬಹುದು ಎಂದುಕೊಂಡಿದ್ದೆ. ಹೊಸ್ತಿಲಾಚೆ ನಿಂತು ಎಲ್ಲ ಹೇಳಿದೆ. ಊರಿಗಾಗಿ ಅಲ್ಲ, ಗಂಡನಿಗಾಗಿ ಹಾಕಿದ್ದು ಎಂದೆ. ನಿಮ್ಮವ್ವ ಸತ್ತದ್ದು ಅದಕ್ಕೆ ಎಂದೆ. ಈಗ ಅವನಿಗೆ ನೀರು ಬೇಕು ಎಂದೆ.

ಅವಳು ನನ್ನ ಕೊಡವನ್ನು ನೋಡಿದಳು. ಆಮೇಲೆ ಹೇಳಿದಳು, "ಆವತ್ತು ಹಿಂಗ ಕೊಡ ಹಿಡಕೊಂಡು ನಮ್ಮ ಬಾಗಲಕ ಬಂದಿದ್ರ ನಮ್ಮವ್ವ ತಾನ ನೀರು ತಂದು ಸುರೀತಿದ್ಲು."

ಒಳಗೆ ಹೋಗಿ ತುಂಬಿದ ಕೊಡ ತಂದು ಸುರಿದಳು. ಅಳಲಿಲ್ಲ, ನನ್ನನ್ನು ಕ್ಷಮಿಸಿದೆ ಎಂದೂ ಹೇಳಲಿಲ್ಲ. ತನ್ನದೊಂದು ಖಾಲಿ ಕೊಡ ಎತ್ತಿಕೊಂಡು ನನಗಿಂತ ಮುಂದೆ ನಡೆದು ಪಕ್ಕದ ಮನೆಯ ಕದ ಬಡಿದಳು. ದುರಗವ್ವನ ಮಗಳು ಕೇಳುವಾಗ ಯಾರು ಇಲ್ಲ ಎನ್ನುತ್ತಾರೆ? ನಮ್ಮ ಓಣಿಯಲ್ಲಿ ಇಪ್ಪತ್ತಾರು ಮನೆಗಳಿವೆ. ಹತ್ತನೆಯ ಮನೆ ದಾಟುವಷ್ಟರಲ್ಲಿ ಹನ್ನೆರಡು ಕೊಡ ಆದವು. ಫಕೀರಪ್ಪ ಈಗ ತೊಳೆಯುವ ಮನೆಯ ಮಂಚದ ಮೇಲೆ ಮಲಗಿದ್ದಾನೆ. ಹೌದು, ಮಲಗಿದ್ದಾನೆ. ಕೀಲಿ ಅವನ ಉಡದಾರದಲ್ಲೇ ಇದೆ.

ಹನ್ನೆರಡು ಕೊಡ ನೀರು, ತಾಯಿ. ಬೆಳಗಿನ ಒಂದು ಗಂಟೆಯ ನಡಿಗೆ. ಅಷ್ಟಕ್ಕೆ ದುರಗವ್ವ ಸತ್ತಳು, ಅಷ್ಟಕ್ಕೆ ನಿಮ್ಮ ಸುರುಳಿ ಸುಟ್ಟಿತು. ಸೂರ್ಯನ ಮೇಲೆ ಹೊರೆ ಹಾಕಿ ಕೂರಬಹುದಿತ್ತು, ಈವರೆಗೆ ಹಾಗೇ ಕೂತಿದ್ದೆ. ಅವನು ತೂರಿದ್ದು ನಿಜ. ಕೇಳಲು ಹೆದರಿದವಳು ನಾನು.

ನಿಮ್ಮಲ್ಲಿ ಒಂದು ಬೇಡಿಕೆ. ಹೊನ್ನವ್ವ ನಾಳೆಯ ಮರುದಿನ ದೊಡ್ಡಾಕಿಯ ಬೆಸುಗೆ ಬಿಚ್ಚುತ್ತಾಳೆ. ಈ ಕಾಗದವನ್ನು ಮೊದಲು ತಾನು ಓದಬೇಕೆಂದು ಕೇಳಿದ್ದಾಳೆ, ಒಪ್ಪಿದ್ದೇನೆ. ಹಳೆಯ ಕಾಗದ ತೆಗೆದು ಇದನ್ನು ಇಡುತ್ತೇವೆ. ನಿಮ್ಮ ಬಿಲ್ಲೆಯಲ್ಲಿ ನಿಮ್ಮ ಹೆಸರಿನ ಕೆಳಗೆ ಒಂದು ಸಾಲಿನ ಜಾಗ ಖಾಲಿ ಇದೆ. ಅಲ್ಲಿ ದುರಗವ್ವನ ಹೆಸರು ಬಡಿಯಲು ಅಪ್ಪಣೆ ಕೊಡಿ. ದೊಡ್ಡಾಕಿಯನ್ನು ಹುಟ್ಟಿಸಿದ ಕೈ ನಿಮ್ಮದು, ಕೊನೆಗೆ ಹಿಡಿದ ಕೈ ದುರಗವ್ವನದು. ಎರಡೂ ಒಂದೆಡೆ ಇರಲಿ. ನೀವಿನ್ನೂ ಆ ಎರಡನೇ ಪಾಳಿಯಲ್ಲಿ ಕೂತಿದ್ದರೆ, ಪಕ್ಕದ ಮಂದಿಗೆ ಎರಡನೆಯದು ಓಡಿ ಬರುತ್ತದೆ ಎಂದು ಹೇಳಿ. ಅವರು ನಗುತ್ತಾರೆ. ಆದರೂ ಹೇಳಿ.

ಹೊತ್ತು ನೆತ್ತಿಗೆ ಬಂದಿದೆ. ದೊಡ್ಡಾಕಿಯ ತಗಡು ಟಿಕ್ ಟಿಕ್ ಎನ್ನುತ್ತಿದೆ. ಸೂಜಿ ಇನ್ನೂ ಅಲುಗಿಲ್ಲ, ಎರಡನೆಯದು ಬಾರದೆಯೂ ಇರಬಹುದು. ಅಂಗಳದ ತುಂಬ ಬೇವಿನ ಎಲೆ ಬಿದ್ದಿದೆ. ನಾಳೆಯ ಮರುದಿನ ಗುಡಿಸುತ್ತೇನೆ.

ಇತಿ,
ಬಾಳವ್ವ ಕೊಂಡಿಗಾರ